ಹಾಲಿನ ಡೈರಿಗೆ ಬಂದ ಕಂಪ್ಯೂಟರು

ಇವತ್ತಿಗೂ ನಾನು ಕಂಪ್ಯೂಟರಿನ ಮುಂದೆ ಕೂತರೆ ಸಾಕು, ಅಕ್ಕಪಕ್ಕ ಇರುವವರಲ್ಲಿ ಯಾರಾದರೊಬ್ಬರು ನಗುವಂಥದ್ದೇನಾದರೂ ಮಾಡಿಯೇ ತೀರುತ್ತಾರೆ. ಇದು ಹೊಸದಲ್ಲ. ತೊಂಬತ್ತರ ದಶಕದಲ್ಲಿ ಇನ್‌ಫರ್ಮೇಷನ್ ಸಿಸ್ಟಮ್ಸ್ ಅನ್ನುವ ಎಂ.ಎಸ್ಸಿ. ಓದಲು ಹೊರಟ ದಿನದಿಂದಲೂ ನನ್ನ ಹಣೆಬರಹ ಇದೇ. ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಗೆ ಹತ್ತಿರ, ಕಾಲೇಜು ಶ್ರೀರಂಗಪಟ್ಟಣ ದಾಟಿದ ಮೇಲೆ. ದಿನಾ ಪಾಂಡವಪುರದ ಮೇಲೆ ಹೋಗುವ ಬಸ್ಸು.

ನನ್ನನ್ನು ಓದಿಸಬೇಕೆಂದು ಅಪ್ಪನಿಗೆ ಆಸೆ, ಮದುವೆ ಮಾಡಬೇಕೆಂದು ದೊಡ್ಡಪ್ಪನಿಗೆ ಅವಸರ. ಮನೆಯಲ್ಲಿ ನಡೆಯುತ್ತಿದ್ದುದು ದೊಡ್ಡಪ್ಪನ ಮಾತು. ಅವರು ಹಾಕಿದ್ದು ಒಂದೇ ಷರತ್ತು: "ಓದ್ಕೊ, ಬ್ಯಾಡ ಅನ್ನಾಕಿಲ್ಲ. ಒಂದ್ಸಲ ಫೇಲಾದ್ರೆ ಮುಗೀತು. ನಾಗಮಂಗಲದ ಗಂಡು ಒಪ್ಕಂಡು ಕುಂತವ್ನೆ." ಹಾಗಾಗಿ ಪ್ರತಿ ಪರೀಕ್ಷೆಯಲ್ಲೂ ನಾನು ದೇವರಿಗಿಂತ ಮೊದಲು ನೆನೆಯುತ್ತಿದ್ದುದು, ಮುಖವನ್ನೇ ನೋಡಿರದ ಆ ಗಂಡನ್ನು.

ಅಜ್ಜಿಯ ಜಗಲಿ

ಕಾಲೇಜಿಗೆ ಸೇರಿದ ಹೊಸತು. ದೊಡ್ಡಪ್ಪ ಜಗಲಿಯ ಮೇಲೆ ಕೂತು ವಿಚಾರಣೆ ಶುರು ಮಾಡಿದರು.

"ಅದೇನವ್ವಾ ನೀನು ಓದೋದು? ಡಾಕ್ಟ್ರಾ, ಇಂಜಿನಿಯರ್ರಾ?"

"ಎರಡೂ ಅಲ್ಲ ದೊಡ್ಡಪ್ಪ. ಎಲ್ಲಾ ಕಡೆ ಚದುರಿರೋ ವಿಷಯಾನ ಒಂದು ಕಡೆ ಸೇರಿಸಿ ಇಡೋದು. ಯಾರಿಗೆ ಯಾವುದು ಬೇಕೋ ಅದನ್ನ ತಕ್ಷಣ ಹುಡುಕಿ ಕೊಡೋದು."

ದೊಡ್ಡಪ್ಪ ನನ್ನ ಮುಖ ನೋಡಿದರು. ಆಮೇಲೆ ಜಗಲಿಯ ಇನ್ನೊಂದು ತುದಿಗೆ ತಿರುಗಿದರು. ಅಲ್ಲಿ ನಮ್ಮಜ್ಜಿ ಎಲೆಯಡಿಕೆ ಕುಟ್ಟುತ್ತಾ, ಬೀದಿಯಲ್ಲಿ ಹೋಗುತ್ತಿದ್ದವಳನ್ನು ನಿಲ್ಲಿಸಿಕೊಂಡು ಅವಳ ನಾದಿನಿಯ ವಿಷಯ ಅವಳಿಗೇ ಹೇಳುತ್ತಿದ್ದಳು.

"ನಮ್ಮವ್ವ ಕಾಲೇಜ್ ಮೆಟ್ಲೇ ಅತ್ತಿಲ್ಲ. ಇದ್ನೇ ಮಾಡ್ಕಂಡು ಬಂದವ್ಳೆ ಕಣವ್ವಾ," ಅಂದರು ದೊಡ್ಡಪ್ಪ. "ಅವ್ಳು ಇನ್ನೂ ವಾಸಿ. ಬ್ಯಾಡ ಅಂದೋರ್ಗೂ ಉಡ್ಕಿ ಕೊಡ್ತಾಳೆ."

ಸೀಟಿನ ಬೆನ್ನು

ನನ್ನ ಗೆಳತಿಯೊಬ್ಬಳು ಪಾಂಡವಪುರದಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಬಸ್ಸಿನಲ್ಲಿ ಅವಳಿಗೆ ಜಾಗ ಹಿಡಿಯುವುದು ನನ್ನ ಕೆಲಸ. ಕಾಲೇಜಿನಲ್ಲಿ ಕಂಪ್ಯೂಟರುಗಳು ಕಡಿಮೆ, ನಮ್ಮ ಸರದಿ ಬರುತ್ತಿದ್ದುದೇ ಅಪರೂಪ. ಬೆರಳು ಓಡದೆ ಅವಳು ಒದ್ದಾಡುತ್ತಿದ್ದಳು. ಅದಕ್ಕೇ ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನನ್ನೇ ಕೀಬೋರ್ಡ್ ಮಾಡಿಕೊಂಡು, ಅಕ್ಷರಗಳನ್ನು ಗುನುಗುತ್ತಾ ಕುಟ್ಟುವ ಅಭ್ಯಾಸ ಮಾಡಿಕೊಂಡಳು.

ಒಂದು ದಿನ ಮುಂದಿನ ಸೀಟಿನಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡ ಹೆಂಗಸೊಬ್ಬರು ಕೂತಿದ್ದರು. ಸೀಟಿನ ಸ್ಪಂಜು ಎಂದೋ ಹೋಗಿ ಬರೀ ರೆಕ್ಸಿನ್ ಉಳಿದಿತ್ತು. ಇವಳು ಕುಟ್ಟಿದ್ದೆಲ್ಲ ನೇರ ಆಕೆಯ ಬೆನ್ನಿಗೆ. ಸ್ವಲ್ಪ ಹೊತ್ತು ತಡೆದುಕೊಂಡ ಆಕೆ ಕೊನೆಗೆ ತಿರುಗಿದರು.

"ಯಾಕವ್ವಾ, ಆಗ್ಲಿಂದ ಬೆನ್ನು ಗುದ್ದೀಯೆ?"

ಗೆಳತಿ ನಾಚಿ ಮುದುಡಿಹೋದಳು. "ತಪ್ಪಾಯ್ತಮ್ಮ. ಕಂಪ್ಯೂಟರ್ ಒತ್ತೋದು ಕಲೀತಿದೀನಿ. ನಾಳೆ ಪರೀಕ್ಷೆ. ನಿಲ್ಲಿಸಿಬಿಡ್ತೀನಿ."

"ಅಯ್ಯೋ, ನಿಲ್ಲುಸ್ಬ್ಯಾಡ ಕಣವ್ವಾ! ಒಸಿ ಕೆಳಿಕೆ ಕಲಿ. ನಿನ್ನೆಯಿಂದ ಸೊಂಟ ಇಡ್ಕಂಡದೆ."

ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಇವಳ ವೇಗವೂ ಹೆಚ್ಚಿತ್ತು, ಆಕೆಯ ಸೊಂಟವೂ ಬಿಟ್ಟಿತ್ತು. ಇಳಿಯುವಾಗ ಆಕೆ ತಮ್ಮ ಜೊತೆಯವಳಿಗೆ ಹೇಳಿದ್ದು ನನಗೆ ಕೇಳಿಸಿತು: "ನಾಳೀಕೆ ಈ ಸೀಟು ನೀನು ಇಡ್ಕಳೇ."

ಚಪ್ಪಲಿ ಬಿಡುವ ಕೋಣೆ

ಮೊಮ್ಮಗಳು ಏನು ಕಡಿದು ಕಟ್ಟೆ ಹಾಕುತ್ತಿದ್ದಾಳೆಂದು ನೋಡಲು ಒಮ್ಮೆ ಅಜ್ಜಿಯೇ ಕಾಲೇಜಿಗೆ ಬಂದಳು. ಆಗ ಕಂಪ್ಯೂಟರ್ ಕೋಣೆಯೆಂದರೆ ಮಡಿ ಬಹಳ. ಚಪ್ಪಲಿ ಹೊರಗೆ ಬಿಡಬೇಕು, ಜೋರಾಗಿ ಮಾತಾಡುವಂತಿಲ್ಲ, ಒಳಗೆ ಪರದೆ ಎಳೆದ ಮಬ್ಬುಗತ್ತಲು, ಎ.ಸಿ.ಯ ತಣ್ಣನೆ ಗಾಳಿ. ಬೀಗದ ಕೈ ಅಟೆಂಡರನ ಸೊಂಟದಲ್ಲಿ. ಆತ ನಕ್ಕಿದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಅಜ್ಜಿ ಒಳಗೆ ಕಾಲಿಟ್ಟವಳೇ ಸೆರಗು ಹೊದ್ದುಕೊಂಡಳು. ಎದುರಿಗಿದ್ದ ಕಂಪ್ಯೂಟರಿಗೆ ಕೈ ಮುಗಿದು, ಮುಡಿಯಲ್ಲಿದ್ದ ಸೇವಂತಿಗೆ ತೆಗೆದು ಅದರ ನೆತ್ತಿಯ ಮೇಲಿಟ್ಟಳು. "ನಮ್ ಉಡ್ಗಿ ಕೈ ಬುಡ್ಬ್ಯಾಡ ಕಣಪ್ಪಾ," ಅಂದಳು. ಆಮೇಲೆ ಅಟೆಂಡರನ ಮುಂದೆ ನಿಂತು ತೀರ್ಥಕ್ಕೆ ಅಂಗೈ ಒಡ್ಡಿದಳು.

ನಾನು ನಾಚಿಕೆಯಿಂದ ಸತ್ತೇ ಹೋದೆ. ಆತ ಮಾತ್ರ ಹೊರಗೆ ಹೋಗಿ, ಹೂಜಿಯಿಂದ ಲೋಟದಲ್ಲಿ ನೀರು ತಂದು ಅವಳ ಅಂಗೈಗೆ ಬಿಟ್ಟ. ಆ ಮನುಷ್ಯನನ್ನು ಈಗಲೂ ನೆನೆದರೆ ಕಣ್ಣು ತುಂಬುತ್ತದೆ.

ಆ ಸಲದ ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ಒಂದಾದ ಮೇಲೊಂದು ಕಂಪ್ಯೂಟರು ಕೈಕೊಟ್ಟಿತು, ಅಜ್ಜಿ ಹೂವಿಟ್ಟದ್ದೊಂದು ಬಿಟ್ಟು. ಸುದ್ದಿ ಹಬ್ಬಿದ್ದೇ ತಡ, ಕೊನೆಯ ದಿನ ಅದರ ಮುಂದೆ ಕೂರಲು ಬಾಗಿಲಲ್ಲೇ ನೂಕುನುಗ್ಗಲು. ಅಟೆಂಡರ್ ಬಾಗಿಲಿಗೆ ಅಡ್ಡ ನಿಂತು ಗದರಿದ: "ಗಲಾಟೆ ಮಾಡ್ಬ್ಯಾಡಿ! ದರ್ಶನಕ್ಕೆ ಸಾಲಾಗಿ ಬನ್ನಿ!"

ಮೂರು ಫೇಸು

ಕೊನೆಗೆ ಉಳಿದದ್ದು ಪ್ರಾಜೆಕ್ಟು. ನಮ್ಮೂರ ಹಾಲಿನ ಡೈರಿಗೆ ಯಾರು ಎಷ್ಟು ಹಾಲು ಹಾಕಿದರು, ಅದರ ಜಿಡ್ಡು ಎಷ್ಟು ಅನ್ನುವುದನ್ನೆಲ್ಲ ನಾನು ಕಂಪ್ಯೂಟರಿಗೆ ಕಲಿಸಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ನಂಬಲಿಲ್ಲ. ರೆಡಿಮೇಡ್ ಪ್ರಾಜೆಕ್ಟು ಅಂಗಡಿಯಲ್ಲಿ ಸಿಗುತ್ತಿದ್ದ ಕಾಲ ಅದು. "ಡೈರಿಯಲ್ಲೇ ನಡೆಸಿ ತೋರಿಸಮ್ಮ. ಆಮೇಲೆ ಪಾಸೋ ಫೇಲೋ ನೋಡೋಣ," ಅಂದರು. ಕಾಲೇಜಿನ ಹಳೆಯ ಕಂಪ್ಯೂಟರೊಂದು ಹಾಲಿನ ವ್ಯಾನು ಹತ್ತಿ, ಕ್ಯಾನುಗಳ ನಡುವೆ ಕೂತು ನಮ್ಮೂರಿಗೆ ಬಂತು.

ತೊಂದರೆ ಇದ್ದದ್ದು ಕರೆಂಟಿನಲ್ಲಿ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೇ ಪಂಪ್‌ಸೆಟ್ಟು ನಡೆಸುವ ಮೂರು ಫೇಸು ಕರೆಂಟು ಬರುತ್ತಿತ್ತು, ಅದೂ ಸ್ವಲ್ಪ ಹೊತ್ತು ಮಾತ್ರ. ಬಂದ ಕೂಡಲೇ ಗಂಡಸರೆಲ್ಲ ಪಂಪ್‌ಸೆಟ್ಟಿಗೆ ಓಡುವುದು ವಾಡಿಕೆ. ಮೋಟರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜು ಬಿದ್ದು ಡೈರಿಯ ಬಲ್ಬೇ ಮಿಣುಕುತ್ತಿತ್ತು, ಇನ್ನು ಕಂಪ್ಯೂಟರು ಹೇಗೆ ನಿಂತೀತು? ಅಪ್ಪನ ಮುಂದೆ ಕೂತು ಅತ್ತುಬಿಟ್ಟೆ. ನಾಗಮಂಗಲದ ಗಂಡು ಅಂಗಳಕ್ಕೇ ಬಂದು ನಿಂತ ಹಾಗಾಗಿತ್ತು.

ದೊಡ್ಡಪ್ಪ ಡೈರಿಯ ಅಧ್ಯಕ್ಷರು. ಅತ್ತದ್ದು ಕೇಳಿಸಿಕೊಂಡು ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು. "ಫೇಲಾದ್ರೆ ಇವ್ಳು ಫೇಲಾಗ್ಲಿ. ನನ್ ಡೈರಿ ಫೇಲಾಗ್ಬಾರ್ದು," ಅಂತ ಹೊರಟವರು ಮನೆಮನೆಗೂ ಹೋಗಿ ಹೇಳಿಬಂದರು: "ನಾಳೀಕೆ ಪರೀಕ್ಷೆ ಮುಗ್ಯೋ ತಂಕ ಯಾವನೂ ಮೋಟ್ರು ಆಕಂಗಿಲ್ಲ!"

ಮರುದಿನ ಯಾರೂ ಹಾಕಲಿಲ್ಲ. ಬೇರೆ ಕೆಲಸವಿಲ್ಲದೆ ಇಡೀ ಊರೇ ಡೈರಿಗೆ ಬಂತು. ಬಾಗಿಲಲ್ಲಿ ಹೆಂಗಸರು, ಕಿಟಕಿಯಲ್ಲಿ ಗಂಡಸರು, ಕಂಪ್ಯೂಟರಿನ ಪಕ್ಕದಲ್ಲಿ ಹೂವು ಹಿಡಿದು ಅಜ್ಜಿ. ಪರೀಕ್ಷಕರು ಬಿಸಿಹಾಲಿನ ಲೋಟ ಹಿಡಿದು ಆರಾಮಾಗಿ ಪ್ರಶ್ನೆ ಕೇಳಲು ಕೂತರು. ಇದು ಯಾಕೆ ಹೀಗೆ, ಅದು ಯಾಕೆ ಹಾಗಲ್ಲ? ನಾನು ಒಂದೊಂದಕ್ಕೂ ಉತ್ತರ ಹೇಳಿದಾಗ ಕಿಟಕಿಯ ಮುಖಗಳು ಅರಳುತ್ತಿದ್ದವು. ಅವರು ಇನ್ನೊಂದು ಪ್ರಶ್ನೆ ತೆಗೆದರೆ ಎಲ್ಲರೂ ಹೊಲದ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

"ಸರಿ, ಒಂದು ಕೊನೇ ಪ್ರಶ್ನೆ," ಅಂದರು ಪರೀಕ್ಷಕರು. "ಕರೆಂಟ್ ಹೋದರೆ ನಿನ್ನ ಸಿಸ್ಟಮ್ ಏನು ಮಾಡುತ್ತೆ?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಎದ್ದು ಕೈ ಮುಗಿದರು.

"ಸಾ, ತಪ್ಪು ತಿಳ್ಕಬ್ಯಾಡಿ. ಕರೆಂಟ್ ಓದ್ರೆ ಇವ್ಳ್ ಸಿಸ್ಟಮ್ ಏನಾಯ್ತದೋ ನಾ ಕಾಣೆ, ನಮ್ ಕಬ್ಬಂತೂ ಒಣಗ್ತದೆ. ಊರ್ನಾಗೆ ಒಬ್ರೂ ಮೋಟ್ರು ಆಕಿಲ್ಲ. ಉಡ್ಗೀನ ಪಾಸ್ ಮಾಡ್ಬುಡಿ ಸಾ, ನೀರಾಯ್ಸ್ಕತೀವಿ!"

ಪರೀಕ್ಷಕರು ಕಿಟಕಿಯ ಕಡೆ ನೋಡಿದರು. ನಕ್ಕ ರಭಸಕ್ಕೆ ಹಾಲು ಅಂಗಿಯ ಮೇಲೆ ಚೆಲ್ಲಿತು. "ಪಾಸು ಕಣಮ್ಮ. ಕೊಂಡು ತಂದ ಪ್ರಾಜೆಕ್ಟಿಗೆ ಯಾವ ಊರೂ ಹೀಗೆ ಕಾಯಲ್ಲ."

ಪಾಸು ಅನ್ನುವ ಮಾತು ಬಿದ್ದದ್ದೇ ತಡ, ಡೈರಿ ಖಾಲಿ. ಅಪ್ಪ ಕೂಡ ನನ್ನ ಕಡೆ ತಿರುಗಿ ನೋಡದೆ ಓಡಿದರು. ಬಾಗಿಲಲ್ಲಿ ಅಳುತ್ತಾ ನಿಂತಿದ್ದ ನನ್ನನ್ನು ನೋಡಿ ದೊಡ್ಡಪ್ಪ ಅಂದರು: "ನಾಗಮಂಗಲದೋರ್ಗೆ ಏಳಿ ಕಳುಸ್ತೀನಿ ಕಣವ್ವಾ, ಬ್ಯಾರೆ ಎಣ್ಣು ನೋಡ್ಕಳ್ಳಿ ಅಂತ. ಈಗ ದಾರಿ ಬುಡು!"

ಸ್ವಲ್ಪ ಹೊತ್ತಿಗೆ ಸುತ್ತ ಹೊಲಗಳಲ್ಲಿ ಮೋಟರುಗಳು ಗುಯ್ ಎಂದವು. ಬಲ್ಬು ಮಿಣುಕಿತು, ಕಂಪ್ಯೂಟರಿನ ಪರದೆ ಕುಗ್ಗಿ ಕುಗ್ಗಿ ಕಪ್ಪಾಯಿತು. ಅಜ್ಜಿ ಅದರ ನೆತ್ತಿಯ ಮೇಲೆ ಹೂವಿಟ್ಟು, ಕೆನ್ನೆ ಸವರಿದಳು.

"ಪಾಪ, ಪಾಸಾಗೋ ತಂಕ ಉಸ್ರು ಬಿಗಿ ಇಡ್ಕಂಡಿತ್ತು."