ಹನ್ನೆರಡನೇ ಪ್ರಶ್ನೆಗೆ ಎದ್ದು ಹೋದವರ ಕುರಿತು

ಹಿರಿಯರ ಆರೈಕೆ ಸಂಶೋಧನಾ ವಿಭಾಗ
ಸಂಖ್ಯೆ: ಹಿಆಸಂ/ಅನುಭವ/12

ವಿಷಯ: ಸಂಶೋಧನಾ ತಂಡಕ್ಕೆ ಸೇರಿಸಿಕೊಂಡ ಅನುಭವಿ ಸದಸ್ಯೆಯು ಅನುಭವವನ್ನು ಹೇಳಿಬಿಡುತ್ತಿರುವ ಬಗ್ಗೆ.

ಉಲ್ಲೇಖ: 1. ವೃದ್ಧಾಶ್ರಮದಲ್ಲಿ ನಡೆಸಿದ ನೂರಾ ನಲವತ್ತು ಪ್ರಶ್ನೆಗಳ ಸಮೀಕ್ಷೆ.
2. ಬುಧವಾರದ ಸಭೆಯಲ್ಲಿ ಉಂಟಾದ ನಗು.

ಆರೈಕೆ ಪಡೆಯುವವರೂ ತಂಡದಲ್ಲಿರಬೇಕೆಂಬ ಮೇಲಿನವರ ಆದೇಶದಂತೆ, ಆಶ್ರಮವಾಸಿಯೂ ನಿವೃತ್ತ ದರ್ಜಿಯೂ ಆದ ಎಂಬತ್ತೊಂದರ ಅಜ್ಜಿಯವರನ್ನು ನೇಮಿಸಿಕೊಳ್ಳಲಾಗಿತ್ತು. ಅವರು ಫೋಟೋದಲ್ಲಿದ್ದರೆ ಸಾಕೆಂದು ಭಾವಿಸಲಾಗಿತ್ತು.

ನಿವಾಸಿಯೂ ನಿವೃತ್ತ ಅಂಚೆಪೇದೆಯೂ ಆದ ಅಂಚೆಯಜ್ಜನವರು ಹನ್ನೆರಡನೇ ಪ್ರಶ್ನೆಗೆ ಉತ್ತರಿಸದೆ ಎದ್ದು ಹೋದ ಕಾರಣ ‘ತೀವ್ರ ಮರೆವು’ ಎಂದು ನಮೂದಿಸಿ, ಬರುವ ಸೋಮವಾರ ಅವರನ್ನು ಹೆಂಡತಿಯಿಂದ ಬೇರ್ಪಡಿಸಿ ಬೀಗದ ವಾರ್ಡಿಗೆ ಸ್ಥಳಾಂತರಿಸಲು ಆದೇಶಿಸಲಾಗಿತ್ತು. ಇದಕ್ಕೆ ಸದಸ್ಯೆಯು ಬುಧವಾರದ ಸಭೆಯಲ್ಲಿ, “ಮರೆವೂ ಇಲ್ಲ, ಮಣ್ಣೂ ಇಲ್ಲ ಕಣಪ್ಪ! ಗಂಟೆಗಟ್ಟಲೆ ಕೂರಿಸಿದ್ರಿ, ನೀರು ಇಳಿಸೋ ಬಿಪಿ ಮಾತ್ರೆ ಬೇರೆ ನುಂಗಿದ್ರು, ಒಂದಕ್ಕೆ ಹೋದ್ರು” ಎಂದಿರುತ್ತಾರೆ. ಪುರಾವೆ ಕೇಳಲಾಗಿ, “ನಿಮ್ಮಪ್ಪನ್ನ ಹೀಗೇ ಕೂರಿಸಿ ನೋಡು, ಸಿಗತ್ತೆ” ಎಂದದ್ದು ನಡಾವಳಿಯಲ್ಲಿ ಸೇರಿಹೋಗಿದೆ.

ಆದ್ದರಿಂದ ಎಲ್ಲರ ಗಮನಕ್ಕೆ ತರಲಾಗುವುದೇನೆಂದರೆ:

1. ಅನುಭವವನ್ನು ಮೂರು ದಿನ ಮುಂಚಿತವಾಗಿ ನಿಗದಿತ ನಮೂನೆಯಲ್ಲಿ ಸಲ್ಲಿಸತಕ್ಕದ್ದು. ಸಭೆಯಲ್ಲಿ ಥಟ್ಟನೆ ನೆನಪಾದ ಅನುಭವವನ್ನು ಪರಿಗಣಿಸಲಾಗದು.

2. ಒಂದಕ್ಕೆ ಹೋಗಬಯಸುವ ಹಿರಿಯರು ಅರ್ಧ ಗಂಟೆ ಮೊದಲು ಲಿಖಿತ ಸೂಚನೆ ನೀಡತಕ್ಕದ್ದು. ಅವಸರವಿದ್ದಲ್ಲಿ ಎರಡು ಪ್ರತಿ.

3. “ಅದಿರ್ಲಿ, ನಿಂಗೆ ಮದುವೆ ಆಯ್ತೇನಪ್ಪ?” ಎಂಬುದನ್ನು ಉತ್ತರವೆಂದು ದಾಖಲಿಸತಕ್ಕದ್ದಲ್ಲ. ಆದರೆ ಸಂಶೋಧಕರು ಅದಕ್ಕೆ ಉತ್ತರಿಸತಕ್ಕದ್ದು. ಇಲ್ಲವಾದರೆ ಮುಂದಿನ ಪ್ರಶ್ನೆಗೆ ಹೋಗಲು ಅಜ್ಜಿಯಂದಿರು ಬಿಡುತ್ತಿಲ್ಲ.

4. ಸದಸ್ಯೆಯ ಒತ್ತಾಯದ ಮೇರೆಗೆ, ಪ್ರಶ್ನಾವಳಿ ರಚಿಸಿದ ಹಿರಿಯ ಸಂಶೋಧಕರಿಗೆ ಎರಡು ಲೋಟ ನೀರು ಕುಡಿಸಿ ಅದೇ ಪ್ರಶ್ನೆಗಳನ್ನು ಕೇಳಲಾಯಿತು. ಅವರು ಒಂಬತ್ತನೆಯದಕ್ಕೇ ಎದ್ದರು. ‘ತುರ್ತು ಕೆಲಸ’ ಎಂದು ನಮೂದಿಸಲಾಗಿದೆ.

5. ತಪ್ಪು ಮಾಡುವ ಪದ್ಧತಿ ಈ ವಿಭಾಗದಲ್ಲಿ ಇಲ್ಲದಿರುವುದರಿಂದ ಸ್ಥಳಾಂತರದ ಆದೇಶವನ್ನು ರದ್ದುಪಡಿಸಲು ಅವಕಾಶವಿರುವುದಿಲ್ಲ. ಸದಸ್ಯೆಯ ಸಲಹೆಯಂತೆ, ಅಂಚೆಯಜ್ಜನವರು ಶೌಚಾಲಯದಿಂದ ಹಿಂತಿರುಗಿ ಉಳಿದ ಪ್ರಶ್ನೆಗಳಿಗೆ ಉತ್ತರಿಸುವವರೆಗೆ ಮಾತ್ರ ಅದನ್ನು ತಡೆಹಿಡಿಯಲಾಗಿದೆ.

6. ತಾವು ಇನ್ನೂ ಹಿಂತಿರುಗಿಲ್ಲವೆಂದೂ ಸದ್ಯಕ್ಕೆ ಹಿಂತಿರುಗುವ ಅಂದಾಜಿಲ್ಲವೆಂದೂ ಅವರು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಪತ್ರ ಬರೆದಿರುತ್ತಾರೆ. ಅಕ್ಷರ ದುಂಡಗಿದೆ, ವಿಳಾಸ ಸರಿಯಿದೆ. ವಿಭಾಗವು ಇದನ್ನು ಒಪ್ಪಿಕೊಂಡಿದೆ.

ಸಹಿ/-
ಉಪನಿರ್ದೇಶಕರು

ಪ್ರತಿಗಳು:
1. ಬೀಗದ ವಾರ್ಡಿನ ದಾದಿಯವರಿಗೆ: ಹಾಸಿಗೆ ಹಾಸಿದ್ದರೆ ಮಡಚಿಡುವುದು.
2. ಅನುಭವಿ ಸದಸ್ಯೆಗೆ: ದಪ್ಪ ಅಕ್ಷರದಲ್ಲಿ, ವಿನಯಪೂರ್ವಕವಾಗಿ.
3. ಅಂಚೆಯಜ್ಜನವರಿಗೆ: ಶೌಚಾಲಯದ ವಿಳಾಸಕ್ಕೆ.