ಬೀಗರ ಬಾಯಿಗಿಟ್ಟ ಹೋಳಿಗೆ

ಮಗಳ ನಿಶ್ಚಿತಾರ್ಥಕ್ಕೆ ರಾಯಚೂರಿನಿಂದ ಮಾನ್ವಿಗೆ ಹೊರಟಾಗ ನನಗಿದ್ದ ಭಯ ಒಂದೇ: ಉಂಗುರ ಮರೆತೆವೇನೋ! ಮರೆತಿರಲಿಲ್ಲ. ಹಾಗಾಗಿ ಜೀವಮಾನದಲ್ಲಿ ಮೊದಲ ಸಲ ನೆಮ್ಮದಿಯಾಗಿದ್ದೆ. ಅಲ್ಲೇ ಎಡವಿದ್ದು.

ಪದ್ಧತಿಯಂತೆ ಬೀಗರ ಬಾಯಿಗೆ ಕೈಯಾರೆ ಹೋಳಿಗೆ ಇಟ್ಟೆ. ಪ್ರೀತಿ ಉಕ್ಕಿ ಇನ್ನೊಂದು ತುತ್ತು ತುರುಕಿದೆ. ಮರುದಿನ ಬೀಗರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು! ಅವರ ಓಣಿಯಲ್ಲಿ ಇನ್ನೂ ಕೆಲವರು ಮಲಗಿದ್ದರು.

ನಮ್ಮ ಮನೆಗೂ ಆರೋಗ್ಯ ಕೇಂದ್ರದ ಸಿಸ್ಟರ್ ಬಂದರು. ಆ ಊಟಕ್ಕೆ ಹೋದವರೆಲ್ಲ ಮಲದ ಸ್ಯಾಂಪಲ್ ಕೊಡಬೇಕಂತೆ.

“ದೇವದುರ್ಗದಾಗೂ ಇದೇ ಬ್ಯಾನಿ ಅದರೀ. ರೋಗಾಣುವಿನ ಜೀನೋಮ್, ಅಂದ್ರ ಅದರ ಜಾತಕಾನ, ಪೂರಾ ಓದತಾರ. ಯಾವುದಕ್ಕ ಯಾವುದು ಸಂಬಂಧ, ಎಲ್ಲಿಂದ ಬಂತು, ಎಲ್ಲಾ ಗೊತ್ತಾಗತದ. ಅಲ್ಲೇ ತಡೀಬಹುದು.”

“ಹೆಸರೂ ಬರತದೇನ್ರೀ?”

“ಯಾರದು, ರೋಗಾಣುಂದಾ?”

“ನಂದು!”

ಏಕೆಂದರೆ ನಿಶ್ಚಿತಾರ್ಥದ ಹಿಂದಿನ ದಿನ ನೆಂಟರನ್ನು ಕರೆಯಲು ಹೆಂಡತಿಯೊಂದಿಗೆ ದೇವದುರ್ಗಕ್ಕೆ ಹೋಗಿ, ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ ತಿಂದಿದ್ದೆ. ಹೊಟ್ಟೆ ಗುಡುಗಿತ್ತು. ದೇವದುರ್ಗದ ರೋಗಾಣು, ನನ್ನ ಹೊಟ್ಟೆ, ನನ್ನ ಕೈ, ಬೀಗರ ಬಾಯಿ! ಪ್ರಯೋಗಾಲಯಕ್ಕಿಂತ ಮೊದಲೇ ನನ್ನ ತನಿಖೆ ಮುಗಿಯಿತು. ವರದಿ ಬಂದರೆ ಮಗಳ ಮದುವೆ ಮುರಿದಂತೆಯೇ.

“ಆ ಭಜಿ ನಾನೂ ತಿಂದೀನಲ್ರೀ, ನನಗೇನಾತು?” ಎಂದಳು ಹೆಂಡತಿ ಶರಣಮ್ಮ. “ನಿಮ್ಮದು ಬರೇ ಅಂಜಿಕಿ. ಸುಮ್ಕ ಕುಂದರ್ರಿ.”

“ಕುಂದರಾಕ ಎಲ್ಲಿ ಬಿಡತದ?” ಎಂದು ಮತ್ತೆ ಪಾಯಖಾನೆಗೆ ಓಡಿದೆ.

ಸ್ಯಾಂಪಲ್ ಕೊಟ್ಟಾಗಿತ್ತು. ವರದಿ ಬರುವ ಮೊದಲೇ ಬೀಗರ ಕಾಲು ಹಿಡಿಯುವುದು ಲೇಸೆಂದು ಒಬ್ಬನೇ ಮಾನ್ವಿಗೆ ಹೋದೆ. ಬೀಗರು ಗುಣವಾಗಿ ಮನೆಗೆ ಬಂದಿದ್ದರು. ಬಂದವರಿಗೆ ಬೆಲ್ಲ, ತಂಬಿಗೆ ನೀರು ಕೊಡುವುದು ರೂಢಿ. ಕುದಿಸಿದ ನೀರನ್ನೇ ಕುಡಿಯಿರೆಂದು ಸಿಸ್ಟರ್ ಹೇಳಿದ್ದು ಭಯದಲ್ಲಿ ಯಾರಿಗೆ ನೆನಪು? ಇಡೀ ತಂಬಿಗೆ ಗಟಗಟ ಇಳಿಸಿದೆ.

“ಬೀಗರ, ನಿಮ್ಮ ಬ್ಯಾನಿಗೆ ನಾನೇ ಕಾರಣರೀ. ಮಗಳದೇನೂ ತಪ್ಪಿಲ್ಲ!”

ಬೀಗರು ಖಾಲಿ ತಂಬಿಗೆ ಎತ್ತಿಟ್ಟರು. “ವರದಿ ಬರಲಿ. ಆಮ್ಯಾಲ ಮಾತಾಡೂಣು.”

ಮದುವೆ ಮುರಿಯಿತೆಂದೇ ರಾಯಚೂರಿಗೆ ಮರಳಿದೆ.

ವರದಿ ಬಂತು. ದೇವದುರ್ಗದ ರೋಗಾಣುವಿನ ಬಳಗವೇ ಬೇರೆ. ಬೀಗರದ್ದು ಅವರದೇ ಓಣಿಯ ನಳದ ನೀರಿನಲ್ಲಿದ್ದದ್ದಕ್ಕೆ ತದ್ರೂಪ. ಚರಂಡಿ ಪಕ್ಕದ ಪೈಪು ಒಡೆದಿತ್ತಂತೆ, ರಿಪೇರಿ ಶುರುವಾಗಿತ್ತು. “ನಿಮ್ಮ ಸ್ಯಾಂಪಲ್‌ನಾಗ ಏನೂ ಇರಲಿಲ್ರೀ,” ಎಂದರು ಸಿಸ್ಟರ್.

ಕುಣಿಯಬೇಕೆನಿಸಿತು. ಆದರೆ ಕೈಗೆ ಸಲೈನ್ ಹಾಕಿದ್ದರು! ಬೀಗರ ಮನೆಯ ಆ ತಂಬಿಗೆ ನೀರಿನ ಫಲ. ಹೊಸ ಸ್ಯಾಂಪಲ್ ಓದಿದಾಗ ನನ್ನ ರೋಗಾಣುವೂ ಬೀಗರದೂ ಒಂದೇ ಎಂದು ಆಮೇಲೆ ತಿಳಿಯಿತು.

ಬೀಗರು ಗಂಜಿಯ ಡಬ್ಬಿ ಹಿಡಿದು ಆಸ್ಪತ್ರೆಗೇ ಬಂದರು. “ನಮ್ಮ ಮನಿ ನೀರು ಕುಡಿದು ಹಿಂಗಾತ್ರಿ. ಸಿಟ್ಟಾಗಿ ಮದುವಿ ಮುರೀಬ್ಯಾಡ್ರಿ!”

“ಎಲ್ಲಿ ಮುರೀತೀವ್ರೀ ಅಣ್ಣಾರ?” ಎಂದು ಶರಣಮ್ಮ ನಕ್ಕಳು.

ಕಣ್ಣೊರೆಸಿಕೊಂಡು ಬೀಗರು ಕೈಯಾರೆ ಒಂದು ಚಮಚ ಗಂಜಿ ನನ್ನ ಬಾಯಿಯ ಬಳಿ ತಂದರು. ನಾನು ಬಾಯಿ ತೆರೆದೆ. ತೆರೆದು ಸುಮ್ಮನಿರಬಾರದಿತ್ತೇ?

“ಕೈ ತೊಳಕೊಂಡೀರೇನ್ರೀ?”

ಮಗಳ ಮದುವೆ ನಿಜವಾಗಿಯೂ ಅಪಾಯಕ್ಕೆ ಸಿಕ್ಕಿದ್ದು ಆಗಲೇ!