ಬಣ್ಣದ ಮುದ್ದೆ ಕೋಲು

ನನಗೆ ಈ ಲೋಕದಲ್ಲಿ ನಿಜವಾದ ಸಿಟ್ಟು ಇರುವುದು ಏನನ್ನಾದರೂ ಕಂಡುಹಿಡಿದು ದೊಡ್ಡವರಾದವರ ಮೇಲೆ. ಅವರು ಕಂಡುಹಿಡಿದದ್ದಕ್ಕಲ್ಲ, ಆ ಕಥೆ ನನ್ನ ಮೊಬೈಲಿಗೆ ಬರುವುದಕ್ಕೆ. ಕಳಿಸುವವನು ನನ್ನ ಹೆಂಡತಿ ಜಯಮ್ಮನ ತಮ್ಮ, ಕನಕಪುರದ ಪುಟ್ಟರಾಜು. ಬೆಳಗಿನ ಕಾಫಿ ತಡವಾಗಬಹುದು, ಅವನ ವಿಡಿಯೋ ತಡವಾಗುವುದಿಲ್ಲ. ಯಾರಿಗೋ ಗುಂಡಿ ಹಾಕಲು ಸೋಮಾರಿತನ, ಜಿಪ್ ಹುಟ್ಟಿತಂತೆ. ಯಾರೋ ಮಿಕ್ಕ ಹಿಟ್ಟು ಚೆಲ್ಲಲು ಮನಸ್ಸಾಗದೆ ಬಿಸ್ಕತ್ತು ಮಾಡಿ ಕೋಟ್ಯಧೀಶನಾದನಂತೆ. ಕೊನೆಯಲ್ಲಿ ಒಂದು ಗಡಸು ಧ್ವನಿ, "ನೀವು ಯಾವಾಗ?" ಎಂದು ನನ್ನನ್ನೇ ಗದರಿಸುತ್ತದೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಿವೃತ್ತಿಯ ಹೊಸ್ತಿಲಲ್ಲಿರುವವನನ್ನು ಖಾಲಿ ಹೊಟ್ಟೆಯಲ್ಲಿ ಹೀಗೆ ಕೇಳುವುದು ಯಾವ ನ್ಯಾಯ?

ಈ ಕಥೆಗಳಲ್ಲಿ ಒಂದು ದೊಡ್ಡ ಮೋಸವೂ ಇದೆ. ಮಹಾನುಭಾವ ಅಡುಗೆಮನೆಗೆ ನುಗ್ಗಿ ಏನೋ ಕುದಿಸುತ್ತಾನೆ, ಅದು ಸೀದುಹೋಗಿ ಹೊಸ ವಸ್ತು ಹುಟ್ಟುತ್ತದೆ. ಆ ಸೀದ ಪಾತ್ರೆಯನ್ನು ಉಜ್ಜಿದವರು ಯಾರು? ಒಬ್ಬನೂ ಬಾಯಿ ಬಿಡುವುದಿಲ್ಲ.

ಕೇಳಿ ಕೇಳಿ ನನ್ನ ತಲೆಯೂ ಕೆಟ್ಟಿತು. ನಮ್ಮ ಮನೆ ಚನ್ನಪಟ್ಟಣದಲ್ಲಿ, ಪಕ್ಕದಲ್ಲೇ ಬಷೀರ್ ಸಾಬರು ಬಣ್ಣದ ಗೊಂಬೆ ಮಾಡುವ ಲೇತ್. ಊರ ತುಂಬ ಗೊಂಬೆ, ಮನೆಮನೆಯಲ್ಲೂ ರಾಗಿ ಮುದ್ದೆ. ಇವೆರಡನ್ನೂ ಸೇರಿಸುವ ಬುದ್ಧಿ ಯಾರಿಗೂ ಬಂದಿಲ್ಲವಲ್ಲ ಎಂದು ಮೊನ್ನೆ ಭಾನುವಾರ ಹಲ್ಲುಜ್ಜುವಾಗ ಹೊಳೆಯಿತು. ಜಯಮ್ಮ ತರಕಾರಿಗೆ ಹೋದದ್ದೇ ತಡ, ಅವಳು ಮುದ್ದೆ ತಿರುವುವ ಕೋಲನ್ನು ಗೊಂಬೆಯಂತೆ ಬಣ್ಣ ಹಾಕಿಸಲು ಸಾಬರಲ್ಲಿಗೆ ಒಯ್ದೆ. ಅದು ಮದುವೆಯಲ್ಲಿ ಅವಳ ತಾಯಿ ಕಬ್ಬಾಳಿನಿಂದ ತಂದುಕೊಟ್ಟದ್ದು. ತಾವು ಹಿಡಿದು ತಿರುವಿದ ಕೋಲನ್ನೇ ಮಗಳಿಗೆ ಕೊಟ್ಟಿದ್ದರು. ಅತ್ತೆ ತೀರಿಕೊಂಡ ಮೇಲೆ ಜಯಮ್ಮ ಅದನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

"ಶೋಕೇಸ್‌ಗಾ ಸಾರ್?" ಎಂದರು ಸಾಬರು. ವ್ಯಾಪಾರದ ಗುಟ್ಟು ಬಿಟ್ಟುಕೊಡಬಾರದೆಂದು ಹೂಂ ಎಂದೆ. ಅವರು ಕೋಲನ್ನು ಲೇತಿಗೆ ಸಿಕ್ಕಿಸಿ ಮೇಲಿನ ಕಪ್ಪನ್ನೆಲ್ಲ ಹೆರೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಕೆಂಪು, ಹಳದಿ ಪಟ್ಟೆಗಳು ಮೂಡಿದವು. ನನ್ನ ಕಣ್ಣೆದುರೇ ಕರಗಿತು. ವರ್ಷ ವರ್ಷವೂ ಕರಗುವಿಕೆಯ ಪಾಠ ಮಾಡುವ ನಾನು ಎಷ್ಟು ಚೆಂದ ಎಂದು ತಲೆದೂಗಿದೆ.

ಮಧ್ಯಾಹ್ನ ಪುಟ್ಟರಾಜು ಊಟಕ್ಕೆ ಬಂದ. ಕೋಳಿ ಸಾರು ಆಗಿತ್ತು, ಮುದ್ದೆಗೆ ಎಸರು ಕುದಿಯುತ್ತಿತ್ತು.

"ಇದೇನ್ರೀ ಇದು, ನಮ್ಮವ್ವನ ಕೋಲಾ?" ಎಂದಳು ಜಯಮ್ಮ.

ಪುಟ್ಟರಾಜು ಮೊಬೈಲಿನಿಂದ ಕಣ್ಣೆತ್ತಿ, ಅಕ್ಕನ ಮಾತನ್ನು ಕಿವಿಗೆ ಹಾಕಿಕೊಳ್ಳದೆಯೇ, "ಭಾವ, ಸೂಪರಾಗೈತೆ. ಪೇಟೆಂಟ್ ಮಾಡಿಸ್ಬುಡಿ, ಬೆಂಗ್ಳೂರ್ನಾಗೆ ಮುಗಿಬಿದ್ದು ತಗೋತಾರೆ" ಎಂದ.

ಮನೆಯಲ್ಲಿ ಬೇರೆ ಕೋಲಿರಲಿಲ್ಲ. "ಎಸರಿಗೆ ಹಾಕ್ತೀನಿ, ಆಮೇಲೆ ನನ್ನ ಕೇಳ್ಬೇಡಿ" ಎಂದು ಅವಳು ಹಲ್ಲು ಕಚ್ಚಿ ತಿರುವಿದಳು. ಅರಗು ಬಿಸಿಗೆ ಕರಗುತ್ತದೆಂದು ಚನ್ನಪಟ್ಟಣದ ಬೆಕ್ಕಿಗೂ ಗೊತ್ತು. ತಟ್ಟೆಗೆ ಬಂದ ಮುದ್ದೆಯಲ್ಲಿ ಕೆಂಪು ಹಳದಿ ಗೆರೆಗಳಿದ್ದವು.

ಪುಟ್ಟರಾಜು ಎದ್ದುಹೋಗಿ ಬೋಳಾದ ಕೋಲನ್ನು ಕೈಗೆ ತೆಗೆದುಕೊಂಡ. "ಅಕ್ಕ, ಇದು ಅವ್ವಂದಲ್ವಾ?"

"ಹೂಂ ಕಣ್ಲಾ. ಅವ್ವ ಹಿಡ್ದೂ ಹಿಡ್ದೂ ಅದ್ರ ಮೇಲೆ ಬೆರಳಿನ ಗುರ್ತು ಬಿದ್ದಿತ್ತು. ನೀನು ವಿಡಿಯೋ ಕಳಿಸ್ತೀಯ, ಇವರು ಕೋಲು ಹೆರೆಸ್ತಾರೆ. ನಾನು ಯಾರ್ನ ಕೇಳ್ಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬೈಯಲಿಲ್ಲ. ನನಗೆ ನಾಚಿಕೆಯಾಯಿತು, ಆ ನಾಚಿಕೆಗೂ ಪುಟ್ಟರಾಜುವಿನ ಮೇಲೇ ಸಿಟ್ಟು ಬಂತು. ಮೂವರೂ ಮುದ್ದೆಯನ್ನು ಬದಿಗಿಟ್ಟು ಅನ್ನಕ್ಕೆ ಸಾರು ಹಾಕಿಕೊಂಡು ಉಂಡೆವು. ಆಮೇಲೆ ಜಯಮ್ಮ ಕೋಲನ್ನು ಒರೆಸಿ, ಅತ್ತೆಯ ಫೋಟೋ ಇರುವ ಶೋಕೇಸಿನಲ್ಲಿಟ್ಟಳು. ಬಷೀರ್ ಸಾಬರಿಗೆ ನಾನು ಸುಳ್ಳು ಹೇಳಿದಂತಾಗಲಿಲ್ಲ, ಅಷ್ಟೇ ಸಮಾಧಾನ. ಅವಳು ಮುದ್ದೆಯ ಪಾತ್ರೆಯನ್ನು ಹಿತ್ತಿಲಿಗೆ ತಂದಿಟ್ಟು, "ಕಂಡುಹಿಡಿದೋರೇ ಉಜ್ಜಿ" ಎಂದಳು.

ಪಾತ್ರೆಗೆ ಅಂಟಿದ ಅರಗು ಬೂದಿಗೂ ಜಗ್ಗಲಿಲ್ಲ, ಮರಳಿಗೂ ಜಗ್ಗಲಿಲ್ಲ. ಮಾರನೆಯ ಬೆಳಿಗ್ಗೆಯೂ ಕುಕ್ಕರುಗಾಲಲ್ಲಿ ಕೂತು ಉಜ್ಜುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಪುಟ್ಟರಾಜುವಿನ ವಿಡಿಯೋ: ಪಾತ್ರೆ ಉಜ್ಜುವ ಸ್ಟೀಲ್ ನಾರು ಹುಟ್ಟಿದ ಬಗೆ. ನಾನು ನೋಡಲಿಲ್ಲ. ಅದನ್ನು ಕಂಡುಹಿಡಿದವನು ಯಾರೋ ನನಗೆ ತಿಳಿಯದು, ಅವನಿಗೊಬ್ಬ ಹೆಂಡತಿ ಇದ್ದದ್ದಂತೂ ಖಂಡಿತ.